ಕೊನೆಗದ್ದೆ

ನೂರಡಿ ರಸ್ತೆಯಲ್ಲಿ, ಜೆರಾಕ್ಸ್ ಅಂಗಡಿಯ ಮೇಲೆ,
ಕಿಟಕಿಯಿಂದ ಕಬ್ಬಿನ ಲಾರಿಗಳು ಕಾಣುವ ಕೋಣೆ.
ಇಲ್ಲಿ ಕೂತು ನಾನು ಒಂದು ಹೆಣ್ಣುಮಕ್ಕಳ ಶಾಲೆಯ
ವೆಬ್‌ಸೈಟು ನೋಡಿಕೊಳ್ಳುತ್ತೇನೆ. ತಿಂಗಳಿಗೆ
ಎರಡೂವರೆ ಸಾವಿರ, ಅದೂ ತಡವಾಗಿ.

ಐವತ್ತೆಂಟು ಪುಟ. ಎಲ್ಲಕ್ಕೂ ಒಂದೇ ಸ್ಟೈಲ್ ಫೈಲು.
ನನಗಿಂತ ಮುಂಚೆ ಮೂವರು ಬರೆದದ್ದು.
ಒಬ್ಬ ಈಗ ಪಾಂಡವಪುರದಲ್ಲಿ ಬೇಕರಿ ಇಟ್ಟಿದ್ದಾನೆ,
ಫೋನ್ ಮಾಡಿದರೆ 'ಆ ಸಾಲು ಯಾಕಾಕ್ದೆ
ನಂಗೂ ಮರ್ತೋಗದೆ' ಅನ್ನುತ್ತಾನೆ,
ಹಿಂದೆ ಹಿಟ್ಟು ಕಲಸುವ ಮೆಷಿನ್ನಿನ ಸದ್ದು.

ಸೋಮವಾರ ಹೆಡ್‌ಮಿಸ್ ಹೇಳಿದರು:
ಫೀಸಿನ ಪಟ್ಟಿ ಮೊಬೈಲಲ್ಲಿ ಅರ್ಧಕ್ಕೇ ನಿಲ್ಲುತ್ತೆ,
ಸ್ವಲ್ಪ ಒತ್ತಿ ಕೂರಿಸಮ್ಮ.
ಸ್ವಲ್ಪ. ಆ ಪದ ಕೇಳಿದರೆ ಈಗ ಬೆನ್ನು ಚುಳ್ಳೆನ್ನುತ್ತದೆ.
ತಲೆಬರಹದ ಕೆಳಗೆ ಇಪ್ಪತ್ತೆಂಟು ಎಂದಿದ್ದ ಜಾಗವನ್ನು
ಸೊನ್ನೆ ಮಾಡಿದೆ. ಪಟ್ಟಿ ಕೂತಿತು,
ಇನ್‌ಸ್ಪೆಕ್ಟರ್ ಬಂದ ದಿನ ಮಕ್ಕಳು ಕೂರುವ ಹಾಗೆ.
ಟೀ ಕುಡಿಯಲು ಕೆಳಗಿಳಿದೆ.

ಬುಧವಾರ ಒಂದು ಕರೆ. ಹೆಂಗಸಿನ ದನಿ, ಸಿಟ್ಟಿಲ್ಲ.
'ನಾನು ಹೊಂಬಾಳಮ್ಮ ಟೀಚರ್ ಮಗಳು, ಕೆರಗೋಡಿಂದ.
ನಿಮ್ಮ ಶ್ರದ್ಧಾಂಜಲಿ ಪುಟದಾಗೆ
ಅವ್ವನ ಹೆಸ್ರು ಅವ್ವನ ಮುಖದ ಮೇಲೇ ಕೂತದೆ.
ಕಣ್ಣು ಕಾಣ್ತಾ ಇಲ್ಲ. ಸರಿಸೋಕಾಯ್ತದಾ?'

ತೆರೆದು ನೋಡಿದೆ. ಹಿಂದಿನವನ್ಯಾರೋ
ಆ ಇಪ್ಪತ್ತೆಂಟನ್ನು ನಂಬಿ
ಫೋಟೋವನ್ನು ಅಷ್ಟು ಮೇಲಕ್ಕೆ ಎಳೆದಿದ್ದ.
ನಂಬಿಕೆ ತೆಗೆದವಳು ನಾನು.

ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪೇ:
ಫೋಟೋದ ಸಾಲಿಗೆ ಒಂದು ಉದ್ಗಾರ ಚಿಹ್ನೆ ಜಡಿದೆ,
ನಾನು ಹೇಳಿದ್ದೇ ಆಗಬೇಕು ಅನ್ನುವ ಗುರುತು.
ಟೀಚರ್ ಕಣ್ಣು ಬಿಟ್ಟರು.
ಕ್ರೀಡಾಕೂಟದ ಪುಟದಲ್ಲಿ ಖೋಖೋ ತಂಡದ ಹುಡುಗಿಯರು
ಒಬ್ಬರ ಮೇಲೊಬ್ಬರು ಬಿದ್ದರು.
ಅದಕ್ಕೆ ಮತ್ತೊಂದು ಗದರಿಕೆ, ಇನ್ನೂ ಜೋರಾಗಿ.
ರಾತ್ರಿ ಹತ್ತಕ್ಕೆ ಆ ಫೈಲು
ಸಂತೆಯ ದಿನದ ಬಸ್ ಸ್ಟ್ಯಾಂಡಿನಂತೆ ಕೂಗುತ್ತಿತ್ತು.

ಆಗ ನೆನಪಾದದ್ದು ದೊಡ್ಡಪ್ಪ ಜವರಯ್ಯ,
ನಾಲೆಯ ಒಂದು ಸೀಳುಗಾಲುವೆಗೆ ಇಪ್ಪತ್ತು ವರ್ಷ ನೀರುಗಂಟಿ.
ಮೇಲಿನ ಗದ್ದೆಯವರು ಬಂದು
'ಒಂದ್ ಗೇಣು ಎತ್ತು ಜವರಣ್ಣ' ಅಂದರೆ
ಹಲಗೆಗೆ ಕೈ ಹಾಕುತ್ತಿರಲಿಲ್ಲ.
ಬೀಡಿ ಹಚ್ಚಿ, ಏರಿ ಮೇಲೆ ಎರಡು ಮೈಲಿ ನಡೆದು,
ಕೊನೆಗದ್ದೆಯ ಬದುವಿನ ಮೇಲೆ ನಿಂತು ನೋಡಿ ಬರುತ್ತಿದ್ದರು.
'ಇಲ್ಲಿ ಎತ್ತೋದು ಕೈ ಕಣವ್ವ,
ಅಲ್ಲಿ ಒಣಗೋದು ಬಾಯಿ.
ಅವನಿಗೇ ಬೇಕು ಅಂದ್ರೆ ಅವನ ಗದ್ದೆಗೆ ಮಡೆ ಕಡ್ಕಳ್ಳಿ.
ತೂಬು ಎಲ್ರುದೂ.'

ಗದರಿಕೆಗಳನ್ನೆಲ್ಲ ಕಿತ್ತೆ.
ಇಪ್ಪತ್ತೆಂಟು ಮತ್ತೆ ಇಪ್ಪತ್ತೆಂಟಾಯಿತು.
ಫೀಸಿನ ಪಟ್ಟಿಗೆ ಅದರದೇ ಒಂದು ಹೆಸರಿಟ್ಟೆ,
ಒತ್ತುವುದೆಲ್ಲ ಆ ಹೆಸರಿನೊಳಗೇ.
ಆಮೇಲೆ ಪ್ರತಿ ಪುಟದ ಎರಡೆರಡು ಚಿತ್ರ,
ಹೋದ ವಾರದ್ದೊಂದು, ಈಗಿನದೊಂದು,
ಪಕ್ಕಪಕ್ಕ ಇಟ್ಟು, ಅಕ್ಕಿಯಲ್ಲಿ ಕಲ್ಲು ಹುಡುಕುವ ಕಣ್ಣಲ್ಲಿ.
ಬಿಸಿಯೂಟ, ಬಸ್ಸಿನ ವೇಳೆ,
ಯಾರೂ ತೆರೆಯದ ಹಳೇ ವಿಜ್ಞಾನ ಮೇಳದ ಪುಟ,
ಅಲ್ಲಿಗೂ ಹೋಗಿ ಬದುವಿನ ಮೇಲೆ ನಿಂತೆ.

ಒಂದು ಸಾಲು ಮಾತ್ರ ಅರ್ಥವಾಗಲಿಲ್ಲ, ಬೇಕರಿಯವನದ್ದು.
ಅಳಿಸಲಿಲ್ಲ. ಪಕ್ಕದಲ್ಲಿ ಬರೆದಿಟ್ಟೆ:
'ಇದು ಯಾರ ಗದ್ದೆಗೆ ಹೋಗುತ್ತೋ ಗೊತ್ತಿಲ್ಲ.
ನಡೆದು ನೋಡದೆ ಮುಟ್ಟಬೇಡಿ. ಚಂದ್ರಕಲಾ.'

ಬೆಳಗ್ಗೆ ಕೆರಗೋಡಿಗೆ ಫೋನ್ ಮಾಡಿದೆ.
'ಕಾಣ್ತಾವ್ರೆ ಕಣ್ರೀ,
ಕನ್ನಡಕದ ಕಡ್ಡಿಗೆ ಸುತ್ತಿದ ದಾರಾನೂ ಕಾಣ್ತದೆ' ಅಂದರು.
ಒಂದು ಗಳಿಗೆ ಸುಮ್ಮನಿದ್ದು,
'ಹೆಸ್ರು... ಒಂಚೂರು ದೊಡ್ಡದು ಮಾಡೋಕಾಯ್ತದಾ?'

ಬೆರಳು ಆಗಲೇ ಕೀಲಿಯ ಮೇಲಿತ್ತು.
'ಮಾಡ್ತೀನಿ' ಅಂದೆ, 'ಸಂಜೆವರೆಗೂ ಟೈಮ್ ಕೊಡಿ.
ಒಂದಷ್ಟು ದೂರ ನಡೆದು ಬರಬೇಕು.'